ಬಚ್ಚಲಲ್ಲಿ ಪುಟಿಯುವ ಸಣ್ಣ ಜೀವ ಸ್ಪ್ರಿಂಗ್‌ಟೇಲ್

ಮಳೆಗಾಲದಲ್ಲಿ ಬಚ್ಚಲ ಮೂಲೆ, ಹೂಕುಂಡದ ಕೆಳಗಿನ ತಟ್ಟೆ, ಒದ್ದೆ ಗೋಣಿಚೀಲದ ಅಡಿ, ಇಲ್ಲೆಲ್ಲ ಬಿಳಿ ಅಥವಾ ಬೂದು ಬಣ್ಣದ ಚುಕ್ಕೆಗಳು ಪುಟಿಯುವುದನ್ನು ಅನೇಕರು ನೋಡಿರುತ್ತಾರೆ. ಚಿಗಟವೆಂದು ತಿಳಿದು ಕೆಲವರು ಬಿಸಿನೀರು ಸುರಿಯುತ್ತಾರೆ, ಇಲ್ಲವೇ ಔಷಧ ಸಿಂಪಡಿಸುತ್ತಾರೆ. ನಮ್ಮ ಶ್ರಾವಕರ ಮನೆಗಳಲ್ಲೂ ಇದು ನಡೆಯುತ್ತದೆ, ತಿಳಿಯದೆ.

ಇದು ಚಿಗಟವಲ್ಲ. ಇದರ ಹೆಸರು ಸ್ಪ್ರಿಂಗ್‌ಟೇಲ್. ಹೆಚ್ಚಿನವು ಒಂದೆರಡು ಮಿಲಿಮೀಟರ್ ಉದ್ದ, ರೆಕ್ಕೆ ಇಲ್ಲ. ಆರು ಕಾಲಿದ್ದರೂ ವಿಜ್ಞಾನಿಗಳು ಈಗ ಇದನ್ನು ಕೀಟಗಳಿಂದ ಬೇರೆ ಗುಂಪಿನಲ್ಲಿ ಇಡುತ್ತಾರೆ. ಹೊಟ್ಟೆಯ ಅಡಿಯಲ್ಲಿ ಕವಲೊಡೆದ ಬಾಲ ಮಡಚಿಕೊಂಡಿರುತ್ತದೆ, ಅದನ್ನು ಒಂದು ಸಣ್ಣ ಕೊಂಡಿ ಹಿಡಿದಿರುತ್ತದೆ. ಕೊಂಡಿ ಬಿಟ್ಟರೆ ಬಾಲ ನೆಲಕ್ಕೆ ಬಡಿದು ಜೀವ ಮೇಲಕ್ಕೆ ಚಿಮ್ಮುತ್ತದೆ. ಮಣ್ಣಿನ ಆಳದಲ್ಲಿರುವ ಕೆಲವಕ್ಕೆ ಈ ಬಾಲವೂ ಇಲ್ಲ, ಕಣ್ಣೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಇದರ ಪಳೆಯುಳಿಕೆ ಸುಮಾರು 40 ಕೋಟಿ ವರ್ಷ ಹಳೆಯದು.

ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ಬಟ್ಟೆ ಕಡಿಯುವುದಿಲ್ಲ. ಬೂಷ್ಟು ಮತ್ತು ಕೊಳೆತ ಎಲೆ ಇದರ ಆಹಾರ. ತೋಟದಲ್ಲಿ ಗೊಬ್ಬರವಾಗುವ ಕೆಲಸಕ್ಕೆ ಇದರಿಂದ ಸಹಾಯವೇ ಆಗುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಮೂರು ಇಂದ್ರಿಯಗಳ ಜೀವಕ್ಕೆ ಇರುವೆಯ ಉದಾಹರಣೆ ಇದೆ. ಇರುವೆಗಿಂತ ಚಿಕ್ಕದಾದರೂ ಇದೂ ನಡೆದಾಡುವ ತ್ರಸ ಜೀವವೇ.

ಇದು ಚರ್ಮದ ಮೂಲಕ ಉಸಿರಾಡುತ್ತದೆ, ಆದ್ದರಿಂದ ತೇವ ಬೇಕೇ ಬೇಕು. ಔಷಧ ಹೊಡೆದರೂ ತೇವ ಉಳಿದರೆ ಮತ್ತೆ ಬರುತ್ತದೆ. ನೆಲ ಒಣಗಿಸಿದರೆ ಬರುವುದಿಲ್ಲ. ಆದರೆ ಇಲ್ಲೊಂದು ವಿಷಯ ಗಮನಿಸಬೇಕು: ಇರುವ ಜಾಗವನ್ನು ಒಮ್ಮೆಲೇ ಒಣಗಿಸಿದರೆ ಅಲ್ಲಿದ್ದವು ಸಾಯುತ್ತವೆ. ಹಾಗಾಗಿ ಮೊದಲು ಸ್ಥಳಾಂತರ, ಆಮೇಲೆ ಒಣಗಿಸುವುದು. ಒದ್ದೆ ಗೋಣಿ, ಕಾಲೊರಸುವ ಬಟ್ಟೆಯನ್ನು ಹಿತ್ತಲಿನ ನೆರಳಿನ ಹಸಿ ಮಣ್ಣಿನ ಮೇಲೆ ನಿಧಾನವಾಗಿ ಕೊಡವಿರಿ. ಇದರ ಮೈ ನೆನೆಯುವುದಿಲ್ಲ, ನೀರಿನ ಮೇಲೆ ತೇಲುತ್ತದೆ. ಆದ್ದರಿಂದ ಕುಂಡದ ತಟ್ಟೆಯ ನೀರನ್ನು ಮೋರಿಗೆ ಚೆಲ್ಲದೆ ಗಿಡದ ಬುಡಕ್ಕೆ ಸುರಿದರೆ ಸಾಕು. ಬಚ್ಚಲ ನೆಲದಲ್ಲಿದ್ದರೆ ಮೆತ್ತನೆಯ ಕುಂಚದಿಂದ ಕಾಗದಕ್ಕೆ ಹತ್ತಿಸಿ ಹೊರಗೆ ಬಿಡಬಹುದು. ಪೂರ್ತಿ ಆಗುವುದಿಲ್ಲ ನಿಜ, ಆದಷ್ಟು.

ಕುಂಡದ ಮಣ್ಣಿನೊಳಗೆ ಇದ್ದರೆ ಏನೂ ಮಾಡಬೇಕಿಲ್ಲ. ಕುಂಡವನ್ನು ಹೊರಗಿಡಿ.

ಇದಕ್ಕಿಂತ ಒಳ್ಳೆಯದು ಚಾತುರ್ಮಾಸಕ್ಕೆ ಮುಂಚೆ, ಬೇಸಿಗೆಯಲ್ಲೇ, ಸೋರುವ ನಲ್ಲಿ ಸರಿಮಾಡಿಸಿ, ಬಚ್ಚಲಿನ ಬಿರುಕುಗಳಿಗೆ ಸಿಮೆಂಟು ಹಾಕಿಸುವುದು. ಬಸದಿಯ ಅಡುಗೆಮನೆ, ಬಾವಿಕಟ್ಟೆಗಳಿಗೂ ಇದೇ ಕ್ರಮ.