ರಕ್ತದಲ್ಲಿ ಏನೇನಿದೆ? ಸುಸ್ತು ಯಾಕೆ?



ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪ್ಲಾಸ್ಮಾ ಎಂಬ ತಿಳಿಹಳದಿ ದ್ರವ. ಉಳಿದದ್ದು ರಕ್ತಕಣಗಳು. ಬಿಳಿ ರಕ್ತಕಣಗಳು ರೋಗಾಣುಗಳ ಜೊತೆ ಹೋರಾಡುತ್ತವೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಕಿರುತಟ್ಟೆಗಳು ಬೇಕು. ಡೆಂಗೆ ಜ್ವರದಲ್ಲಿ ‘ಪ್ಲೇಟ್‌ಲೆಟ್ ಇಳಿದಿದೆ’ ಅಂತಾರಲ್ಲ, ಅವೇ ಇವು.

ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಮೈಗೆಲ್ಲ ಆಮ್ಲಜನಕ ಒಯ್ಯುತ್ತದೆ. ಈ ಕಣಗಳ ಆಯುಷ್ಯ ಸುಮಾರು 120 ದಿನ. ಹೊಸವು ಹುಟ್ಟಲು ಕಬ್ಬಿಣದ ಅಂಶ ಬೇಕು. ಅದು ಸಾಲದಿದ್ದರೆ ರಕ್ತಹೀನತೆ. ಆಗ ಸುಸ್ತು, ಏದುಸಿರು. ಪಾಠ ತಲೆಗೆ ಹತ್ತಲ್ಲ. ಅಂಥವರನ್ನು ಸೋಮಾರಿ ಅಂತ ಬೈಯಬೇಡಿ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇತ್ತು.

ಕೊಕ್ಕೆಹುಳು ಬರಿಗಾಲಿನಿಂದ ಒಳಹೊಕ್ಕು ಕರುಳಲ್ಲಿ ರಕ್ತ ಹೀರುತ್ತದೆ. ಚಪ್ಪಲಿ ಹಾಕಿಕೊಳ್ಳಿ. ಸೊಪ್ಪು, ಕಾಳಿಗೆ ನಿಂಬೆರಸ ಹಿಂಡಿ ತಿನ್ನಿ. ಊಟವಾದ ಕೂಡಲೇ ಟೀ ಬೇಡ. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣ ಇದೆ. ಮಲ ಕಪ್ಪಾಗುತ್ತೆ ಅಂತ ಹೆದರಿ ಎಸೆಯಬೇಡಿ, ಊಟದ ಮೇಲೆ ನುಂಗಿ.

ಥಲಸ್ಸೀಮಿಯಾ, ಸಿಕಲ್ ಸೆಲ್ ರೋಗಗಳು ಹುಟ್ಟಿನಿಂದಲೇ ಬರುತ್ತವೆ, ಈ ಮಾತ್ರೆಗೆ ಹೋಗಲ್ಲ. ಅದಕ್ಕೇ ಸುಸ್ತು ಬಿಡದಿದ್ದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.