ಏನೂ ಆಗದ ದಿನವೇ ಗೆದ್ದ ದಿನ

ಸರ್ಕಾರಿ ಕಂಪ್ಯೂಟರ್ ಜಾಲಗಳನ್ನು ಕಾಯುವ ‘ಸಿಸೋ’ ಯಾರು? ಆ ಕುರ್ಚಿಗೆ ದಾರಿ ಯಾವುದು?

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್‌ಗಳು ಕೈಕೊಟ್ಟವು. ಹೊರರೋಗಿಗಳ ನೋಂದಣಿ, ಲ್ಯಾಬ್ ವರದಿ, ವಾರ್ಡಿಗೆ ದಾಖಲಾತಿ, ಬಿಲ್ಲು ಎಲ್ಲವೂ ‘ಇ-ಹಾಸ್ಪಿಟಲ್’ ತಂತ್ರಾಂಶವನ್ನು ನಂಬಿಕೊಂಡಿದ್ದವು. ಐದು ಸರ್ವರ್‌ಗಳಿಗೆ ದತ್ತಾಂಶಕ್ಕೆ ಬೀಗ ಜಡಿದು ಒತ್ತೆಹಣ ಕೇಳುವ ಕುತಂತ್ರಾಂಶ, ಅಂದರೆ ರ್‍ಯಾನ್ಸಮ್‌ವೇರ್ ನುಗ್ಗಿ, ಸುಮಾರು 1.3 ಟೆರಾಬೈಟ್ ದತ್ತಾಂಶ ಯಾರೂ ಓದಲಾಗದ ಗೂಢಲಿಪಿಯಾಗಿ ಹೋಯಿತು. ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದಾದ ಏಮ್ಸ್ ಸುಮಾರು ಎರಡು ವಾರ ಕಾಗದ, ಪೆನ್ನು ಹಿಡಿದು ಕೆಲಸ ಮಾಡಿತು. ಆಮೇಲೆ ಸರ್ಕಾರ ಸಂಸತ್ತಿಗೆ ಕೊಟ್ಟ ಕಾರಣ ಚಿಕ್ಕದು: ಆಸ್ಪತ್ರೆಯ ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ. ವಿಭಾಗಗಳಿಲ್ಲದ ಜಾಲದಲ್ಲಿ ಒಂದು ಕಡೆ ಹೊಕ್ಕವರು ಉಳಿದ ಕಡೆಗೂ ಸರಾಗವಾಗಿ ನಡೆದು ಹೋಗಬಲ್ಲರು.

ಜಾಲವನ್ನು ವಿಭಾಗಿಸುವುದು ಹೊಸ ವಿದ್ಯೆಯೇನಲ್ಲ. ಕಂಪ್ಯೂಟರ್ ಜಾಲಗಳ ಬಗ್ಗೆ ಓದಿದ ಯಾರಿಗಾದರೂ ಗೊತ್ತಿರುವ ಕೆಲಸ. ಆದರೆ ಅದು ಆಗಿದೆಯೇ ಎಂದು ಕೇಳುವ, ಆಗದಿದ್ದರೆ ಆಡಳಿತದ ಮೇಲಿನವರ ಮುಂದೆ ಕಡತ ಇಟ್ಟು ಮಾಡಿಸುವ ಒಬ್ಬರು ಬೇಕು. ಸರ್ಕಾರಿ ಭಾಷೆಯಲ್ಲಿ ಅವರು ಮುಖ್ಯ ಮಾಹಿತಿ ಭದ್ರತಾ ಅಧಿಕಾರಿ. ಕಚೇರಿಯ ಮಾತಿನಲ್ಲಿ ‘ಸಿಸೋ’.

ಯಾರ ಕೆಳಗೆ ಯಾರು?

ಭಾರತ ಸರ್ಕಾರದಲ್ಲಿ ಸೈಬರ್ ಭದ್ರತೆ ಒಂದೇ ಇಲಾಖೆಯ ಸ್ವತ್ತಲ್ಲ. ಮೇಲ್ತುದಿಯಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ಸಂಯೋಜಕರಿದ್ದಾರೆ. ಪ್ರಧಾನಿಗೆ ಸಲಹೆ ನೀಡುವ ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯದಲ್ಲಿ ಇವರ ಕಚೇರಿ. 2015ರಲ್ಲಿ ಈ ಹುದ್ದೆಗೆ ಮೊದಲು ಬಂದವರು ಡಾ. ಗುಲ್ಶನ್ ರೈ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ತನ್ನ ಕಾರ್ಯಹಂಚಿಕೆ ನಿಯಮಗಳನ್ನು ತಿದ್ದಿ, ಸೈಬರ್ ಭದ್ರತೆಯ ಒಟ್ಟಾರೆ ಸಮನ್ವಯ ಮತ್ತು ದಿಕ್ಕು ತೋರುವ ಹೊಣೆಯನ್ನು ಈ ಸಚಿವಾಲಯಕ್ಕೆ ಬರಹದಲ್ಲೇ ಒಪ್ಪಿಸಿತು. ದೂರಸಂಪರ್ಕ ಜಾಲದ ಭದ್ರತೆ ದೂರಸಂಪರ್ಕ ಇಲಾಖೆಗೆ, ಸೈಬರ್ ಅಪರಾಧ ಗೃಹ ಸಚಿವಾಲಯಕ್ಕೆ ಹೋಯಿತು. ಹಣ ಕಳೆದುಕೊಂಡವರು ಕರೆ ಮಾಡುವ 1930 ಸಹಾಯವಾಣಿ ಗೃಹ ಸಚಿವಾಲಯದ್ದು.

ದಾಳಿ ನಡೆದಾಗ ಓಡಿಬರುವ ಸಂಸ್ಥೆ ಸರ್ಟ್-ಇನ್. 2004ರ ಜನವರಿಯಲ್ಲಿ ಶುರುವಾದ ಇದು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮು ಇದಕ್ಕೆ ಬಲ ಕೊಟ್ಟಿದೆ. 2024ರಲ್ಲಿ ಇದರ ಲೆಕ್ಕಕ್ಕೆ ಬಂದ ಸೈಬರ್ ಘಟನೆಗಳು 20 ಲಕ್ಷಕ್ಕೂ ಹೆಚ್ಚು. ಅದರ ಹಿಂದಿನ ವರ್ಷ, 2023ರಲ್ಲಿ, ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ ಘಟನೆಗಳೇ ಎರಡು ಲಕ್ಷ ದಾಟಿದ್ದವು.

ವಿದ್ಯುತ್, ಬ್ಯಾಂಕು, ದೂರಸಂಪರ್ಕ, ಸಾರಿಗೆಯಂತಹ ಕ್ಷೇತ್ರಗಳ ಅತಿಮುಖ್ಯ ಜಾಲಗಳಿಗೆ ಬೇರೆಯೇ ಕಾವಲು ಕೇಂದ್ರವಿದೆ. 2014ರಲ್ಲಿ ಸ್ಥಾಪನೆಯಾದ ಎನ್‌ಸಿಐಐಪಿಸಿಯೇ ಅದು. ಸರ್ಕಾರ ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಿದ ಜಾಲಕ್ಕೆ ಅಕ್ರಮವಾಗಿ ನುಗ್ಗಿದರೆ ಹತ್ತು ವರ್ಷದವರೆಗೆ ಜೈಲು. ಆಧಾರ್ ದತ್ತಾಂಶ ಭಂಡಾರ ಅಂಥದ್ದೊಂದು. ಅದನ್ನು ಇಟ್ಟಿರುವ ದತ್ತಾಂಶ ಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿದೆ. ಇಂಥ ವ್ಯವಸ್ಥೆ ಇರುವ ಪ್ರತಿ ಸಂಸ್ಥೆಯೂ ಸಿಸೋ ಒಬ್ಬರನ್ನು ನೇಮಿಸಲೇಬೇಕು ಎಂದು 2018ರ ನಿಯಮಗಳು ಹೇಳುತ್ತವೆ.

ಈ ದೊಡ್ಡ ಸಂಸ್ಥೆಗಳ ಸೂಚನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೊಂದು ಸಚಿವಾಲಯ, ಇಲಾಖೆ, ನಿಗಮದ ಸಿಸೋ ಮೇಜಿನ ಮೇಲೆ.

ದಿನದ ಕೆಲಸ

ಸಿನಿಮಾಗಳಲ್ಲಿ ಕಾಣುವ ಕಪ್ಪು ಪರದೆ, ಹಸಿರು ಅಕ್ಷರಗಳ ಸಾಹಸ ಇಲ್ಲಿ ಕಡಿಮೆ. ಸಿಸೋ ಮೊದಲು ಮಾಡಬೇಕಾದದ್ದು ಪಟ್ಟಿ. ಇಲಾಖೆಯಲ್ಲಿ ಎಷ್ಟು ಸರ್ವರ್ ಇವೆ, ಎಷ್ಟು ವೆಬ್‌ಸೈಟ್, ಯಾವ ಜಿಲ್ಲಾ ಕಚೇರಿಯಲ್ಲಿ ಯಾವ ಕಾಲದ ವಿಂಡೋಸ್ ಇನ್ನೂ ಓಡುತ್ತಿದೆ, ನಿವೃತ್ತರಾದ ಅಧಿಕಾರಿಯ ಲಾಗಿನ್ ಇನ್ನೂ ಜೀವಂತವಾಗಿದೆಯೇ? ಈ ಪಟ್ಟಿ ಪೂರ್ತಿಯಾಗುವುದೇ ಅಪರೂಪ. ಯಾವುದೋ ಯೋಜನೆಗೆಂದು ಹಿಂದೊಮ್ಮೆ ಮಾಡಿಸಿದ ಪೋರ್ಟಲ್ ಯಾರ ಉಸ್ತುವಾರಿಯೂ ಇಲ್ಲದೆ ಉಳಿದಿರುತ್ತದೆ. ಕಳ್ಳರು ಹುಡುಕುವುದು ಅಂಥದ್ದನ್ನೇ.

ಎರಡನೆಯದು ತಪಾಸಣೆ. 2023ರ ಜೂನ್‌ನಲ್ಲಿ ಸರ್ಟ್-ಇನ್ ಸರ್ಕಾರಿ ಸಂಸ್ಥೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ಆರು ತಿಂಗಳಿಗೊಮ್ಮೆ ಒಳಗಿನವರಿಂದ, ವರ್ಷಕ್ಕೊಮ್ಮೆ ಹೊರಗಿನವರಿಂದ ಭದ್ರತಾ ಆಡಿಟ್ ಆಗಬೇಕೆನ್ನುತ್ತದೆ. ಆಡಿಟ್ ವರದಿ ಬಂದ ಮೇಲೆ ಶುರುವಾಗುವುದೇ ನಿಜವಾದ ಕೆಲಸ. ಪತ್ತೆಯಾದ ಲೋಪವನ್ನು ಮುಚ್ಚಲು ಗುತ್ತಿಗೆ ಕಂಪನಿಗೆ ಪತ್ರ, ಕಂಪನಿ ಕೇಳುವ ಹೆಚ್ಚುವರಿ ಹಣ, ಹಣಕಾಸು ವಿಭಾಗದ ಆಕ್ಷೇಪ, ಮತ್ತೆ ಪತ್ರ. ತಂತ್ರಜ್ಞಾನದ ಜೊತೆಗೆ ಟೆಂಡರು, ಕಡತ, ಟಿಪ್ಪಣಿ ಬರೆಯುವ ಕಲೆ ಬಾರದವರು ಈ ಹುದ್ದೆಯಲ್ಲಿ ಬಳಲುತ್ತಾರೆ.

ಮೂರನೆಯದು ಗಡಿಯಾರ. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದ ಪ್ರಕಾರ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಯಾರು ಯಾವಾಗ ಒಳಬಂದರು ಎಂಬ ಲಾಗ್ ದಾಖಲೆಗಳನ್ನು 180 ದಿನ ಕಾಪಾಡಬೇಕು. ಎಲ್ಲ ಯಂತ್ರಗಳ ಗಡಿಯಾರವೂ ಒಂದೇ ಸಮಯ ತೋರಿಸಬೇಕು. ಇಲ್ಲವಾದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ತನಿಖೆಯಲ್ಲಿ ತಿಳಿಯುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಫೋನು ಬಂದರೆ, ಸರ್ವರ್ ನಿಲ್ಲಿಸಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದವರು ಸಿಸೋ. ನಿಲ್ಲಿಸಿದರೆ ಬೆಳಿಗ್ಗೆ ಜನ ಸರದಿಯಲ್ಲಿ ಕಾಯುತ್ತಾರೆ. ನಿಲ್ಲಿಸದಿದ್ದರೆ ದತ್ತಾಂಶವೇ ಹೋಗಬಹುದು.

ಮುಚ್ಚಿಡದೆ ಹೇಳುವುದೂ ಕೆಲಸದ ಭಾಗ. 2019ರ ಸೆಪ್ಟೆಂಬರ್ 4ರಂದು ಸರ್ಟ್-ಇನ್, ಅಣುವಿದ್ಯುತ್ ನಿಗಮದ ಜಾಲದಲ್ಲಿ ಕುತಂತ್ರಾಂಶ ಇರುವುದನ್ನು ನಿಗಮಕ್ಕೆ ತಿಳಿಸಿತು. ಅಕ್ಟೋಬರ್ ಕೊನೆಯಲ್ಲಿ ಕೂಡಂಕುಳಂ ಸ್ಥಾವರದ ಹೆಸರಿನೊಂದಿಗೆ ಸುದ್ದಿ ಹಬ್ಬಿದಾಗ ಮೊದಲು ಬಂದದ್ದು ನಿರಾಕರಣೆ. ಮರುದಿನವೇ ನಿಗಮ ಒಪ್ಪಿಕೊಂಡಿತು: ಆಡಳಿತದ ಕೆಲಸಕ್ಕೆ ಬಳಸುತ್ತಿದ್ದ ಒಂದು ಕಂಪ್ಯೂಟರಿಗೆ ಸೋಂಕು ತಗುಲಿತ್ತು. ರಿಯಾಕ್ಟರ್ ನಡೆಸುವ ಜಾಲ ಪ್ರತ್ಯೇಕವಾಗಿದ್ದ ಕಾರಣ ಅದಕ್ಕೆ ಏನೂ ಆಗಿರಲಿಲ್ಲ. ಏಮ್ಸ್‌ನಲ್ಲಿ ಇಲ್ಲದೇ ಹೋದ ವಿಭಜನೆ ಇಲ್ಲಿ ಕಾಪಾಡಿತ್ತು. ನಮ್ಮ ಕೈಗಾ ಸ್ಥಾವರವನ್ನು ನಡೆಸುವುದೂ ಇದೇ ನಿಗಮ.

ಕುರ್ಚಿಗೆ ಮೂರು ದಾರಿ

ಐಎಎಸ್‌ಗೆ ಇರುವಂತೆ ಸೈಬರ್ ಭದ್ರತೆಗೆ ಒಂದು ಪರೀಕ್ಷೆ, ಒಂದು ಸೇವೆ ಇಲ್ಲ. ಮೇಲಿನ ಹುದ್ದೆಗಳಿಗೆ ಬಂದವರ ಹಿನ್ನೆಲೆ ನೋಡಿದರೆ ಮೂರು ದಾರಿಗಳು ಕಾಣುತ್ತವೆ.

ಮೊದಲನೆಯದು ವಿಜ್ಞಾನಿಗಳದು. ಸರ್ಟ್-ಇನ್ ಮತ್ತು 1976ರಿಂದ ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿರುವ ಎನ್‌ಐಸಿ, ಎಂಜಿನಿಯರಿಂಗ್ ಪದವೀಧರರನ್ನು ‘ಸೈಂಟಿಸ್ಟ್ ಬಿ’ ದರ್ಜೆಗೆ ತೆಗೆದುಕೊಳ್ಳುತ್ತವೆ. ಅಲ್ಲಿಂದ ಸಿ, ಡಿ, ಇ, ಎಫ್, ಜಿ ಎಂದು ಏರಿಕೆ. ಮೇಲೆ ಜಾಗ ಖಾಲಿಯಾಗಲಿ ಎಂದು ಕಾಯಬೇಕಾಗಿಲ್ಲ. ಕೆಲಸದ ಮೌಲ್ಯಮಾಪನದಲ್ಲಿ ಗೆದ್ದರೆ ಬಡ್ತಿ ಸಿಗುತ್ತದೆ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ‘ಬಿ’ ದರ್ಜೆಯ ಮೂಲವೇತನ ₹56,100ರಿಂದ, ‘ಜಿ’ ದರ್ಜೆಯದು ₹1,44,200ರಿಂದ ಆರಂಭ. ಸರ್ಟ್-ಇನ್ ಮಹಾನಿರ್ದೇಶಕರಾಗಿದ್ದು ಬಳಿಕ ರಾಷ್ಟ್ರೀಯ ಸಂಯೋಜಕರಾದ ಗುಲ್ಶನ್ ರೈ ತಾಂತ್ರಿಕ ದಾರಿಯಲ್ಲೇ ಮೇಲೇರಿದವರು.

ಎರಡನೆಯದು ಸೇನೆ, ಅದರಲ್ಲೂ ಸಿಗ್ನಲ್ಸ್ ದಳ. ಎರಡನೇ ಸಂಯೋಜಕ ಲೆಫ್ಟಿನೆಂಟ್ ಜನರಲ್ ರಾಜೇಶ್ ಪಂತ್ ಮಧ್ಯಪ್ರದೇಶದ ಮಹೂನಲ್ಲಿರುವ ಸೇನಾ ದೂರಸಂಪರ್ಕ ಎಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥರಾಗಿದ್ದವರು. 2023ರಲ್ಲಿ ಅವರ ಜಾಗಕ್ಕೆ ಬಂದ ಲೆಫ್ಟಿನೆಂಟ್ ಜನರಲ್ ಎಂ.ಯು. ನಾಯರ್ ಅದೇ ದಳದ ಅತ್ಯುನ್ನತ ಅಧಿಕಾರಿ ಆಗಿದ್ದವರು. ಮೂರೂ ಸೇನಾಪಡೆಗಳ ರಕ್ಷಣಾ ಸೈಬರ್ ಏಜೆನ್ಸಿ ರೂಪುಗೊಂಡಾಗ ಅದರ ಮೊದಲ ಮುಖ್ಯಸ್ಥರಾದವರು ನೌಕಾಪಡೆಯ ರಿಯರ್ ಅಡ್ಮಿರಲ್ ಮೋಹಿತ್ ಗುಪ್ತಾ.

ಮೂರನೆಯದು ಆಡಳಿತ, ಪೊಲೀಸು ಮತ್ತು ಬ್ಯಾಂಕು. ಸೈಬರ್ ಅಪರಾಧ ವಿಭಾಗಗಳನ್ನು ನಡೆಸುವವರು ಬಹುಪಾಲು ಐಪಿಎಸ್ ಅಧಿಕಾರಿಗಳು. ಸರ್ಕಾರಿ ಬ್ಯಾಂಕುಗಳಲ್ಲಿ 2016ರ ರಿಸರ್ವ್ ಬ್ಯಾಂಕ್ ಆದೇಶದ ನಂತರ ಸಿಸೋ ಸ್ಥಾನ ಗಟ್ಟಿಯಾಯಿತು. ಹಿರಿಯ ದರ್ಜೆಯವರೇ ಆ ಸ್ಥಾನದಲ್ಲಿರಬೇಕು, ಐಟಿ ಮುಖ್ಯಸ್ಥರ ಕೈಕೆಳಗೆ ಇರಬಾರದು ಎಂಬುದು ಅಲ್ಲಿನ ನಿಲುವು. ಕಾರಣ ಸರಳ. ಐಟಿ ಮುಖ್ಯಸ್ಥರಿಗೆ ಯೋಜನೆ ಬೇಗ ಶುರುವಾಗಬೇಕು. ಸಿಸೋ ‘ಇನ್ನೂ ಸಿದ್ಧವಿಲ್ಲ’ ಎನ್ನಬೇಕಾದವರು. ಒಬ್ಬರ ಕೈಕೆಳಗೆ ಕುಳಿತು ಅವರ ಕೆಲಸವನ್ನೇ ತಡೆಯುವುದು ಸಾಧ್ಯವಾಗದು.

ಯಾವ ದಾರಿಯಿಂದ ಬಂದರೂ ಓದು ನಿಲ್ಲದು. ಖಾಸಗಿ ವಲಯದಲ್ಲಿ ಮನ್ನಣೆಯಿರುವ ಸಿಐಎಸ್‌ಎಸ್‌ಪಿ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಐದು ವರ್ಷದ ಅನುಭವ ಬೇಕು. ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ‘ಸೈಬರ್ ಸುರಕ್ಷಿತ ಭಾರತ’ ಕಾರ್ಯಕ್ರಮದಲ್ಲಿ ಸಾವಿರಕ್ಕೂ ಹೆಚ್ಚು ಸಿಸೋಗಳು ಮತ್ತು ಐಟಿ ಅಧಿಕಾರಿಗಳು ತರಬೇತಿ ಪಡೆದಿದ್ದಾರೆ.

ಕರ್ನಾಟಕದ ಪಾಠ

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ರಾಜ್ಯ ಸರ್ಕಾರ ‘ಸೈಸೆಕ್’ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವನ್ನೂ ನಡೆಸುತ್ತಿದೆ. ಇಷ್ಟಿದ್ದರೂ 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಬಿತ್ತು. ₹11.5 ಕೋಟಿ ಬೇರೆಯವರ ಖಾತೆಗೆ ಹರಿದುಹೋಯಿತು. ತನಿಖೆ, ಆರೋಪ, ರಾಜಕೀಯ ಜಗಳ ವರ್ಷಗಟ್ಟಲೆ ಸುದ್ದಿಯಲ್ಲಿದ್ದವು. ಆ ಗದ್ದಲದಲ್ಲಿ ಕಡಿಮೆ ಕೇಳಿಬಂದ ಪ್ರಶ್ನೆಯೆಂದರೆ, ಆ ಜಾಲದ ಭದ್ರತೆಗೆ ಸಹಿ ಹಾಕಿ ಹೊಣೆ ಹೊತ್ತ ಹಿರಿಯ ಅಧಿಕಾರಿ ಯಾರು ಎಂಬುದು.

2024ರ ಆಗಸ್ಟ್‌ನಲ್ಲಿ ರಾಜ್ಯ ತನ್ನ ಸೈಬರ್ ಭದ್ರತಾ ನೀತಿಯನ್ನು ಬಿಡುಗಡೆ ಮಾಡಿತು. ಅದರಲ್ಲಿ ಎರಡು ಭಾಗ. ಜನರು, ಕಾಲೇಜುಗಳು, ಉದ್ದಿಮೆಗಳಿಗೆ ಸಂಬಂಧಿಸಿದ ಮೊದಲ ಭಾಗ ಎಲ್ಲರಿಗೂ ಲಭ್ಯ. ಸರ್ಕಾರದ ಸ್ವಂತ ಜಾಲಗಳನ್ನು ಕಾಯುವ ಎರಡನೇ ಭಾಗ ಇಲಾಖೆಗಳ ಒಳಗಷ್ಟೇ ಇರುತ್ತದೆ. ಬೀಗದ ವಿವರವನ್ನು ಗೋಡೆಗೆ ಅಂಟಿಸಲಾಗದು, ನಿಜ. ಆದರೆ ಗುಟ್ಟಿನಲ್ಲಿರುವ ನೀತಿ ಜಾರಿಯಾಗುತ್ತಿದೆಯೇ ಎಂದು ಹೊರಗಿನವರು ಕೇಳಲಾರರು. ಆದ್ದರಿಂದಲೇ ಒಳಗೆ ಕೇಳುವ ಅಧಿಕಾರಿ ಗಟ್ಟಿಯಾಗಿರಬೇಕು.

ಹೆಚ್ಚುವರಿ ಹೊಣೆ ಎಂಬ ರೋಗ

ಈ ಹುದ್ದೆಯ ದೊಡ್ಡ ಕೊರತೆ ಇರುವುದು ಇಲ್ಲೇ. ಎಷ್ಟೋ ಕಡೆ ಸಿಸೋ ಎಂಬುದು ಸ್ವತಂತ್ರ ಹುದ್ದೆಯಲ್ಲ, ಇನ್ನಾವುದೋ ಕೆಲಸದಲ್ಲಿರುವ ಅಧಿಕಾರಿಯ ಹೆಗಲಿಗೇರಿದ ಹೆಚ್ಚುವರಿ ಹೊಣೆ. ಮೂರು ವಿಭಾಗಗಳ ಕಡತ ನೋಡುವವರಿಗೆ ನಾಲ್ಕನೆಯದಾಗಿ ಭದ್ರತೆ. ವಿಷಯ ಅರಿಯುವ ಹೊತ್ತಿಗೆ ವರ್ಗಾವಣೆ. 2023ರ ಮಾರ್ಗಸೂಚಿ ಐಟಿ ನಿರ್ವಹಣೆಯಿಂದ ಬೇರೆಯಾದ ಭದ್ರತಾ ತಂಡ ಇರಲಿ ಎನ್ನುತ್ತದೆ. ಆದರೆ ತಂಡಕ್ಕೆ ಮಂಜೂರಾದ ಹುದ್ದೆ, ಹಣ, ಕನಿಷ್ಠ ಅವಧಿ ಇಲ್ಲದಿದ್ದರೆ ಮಾರ್ಗಸೂಚಿ ಕಾಗದದಲ್ಲೇ ಉಳಿಯುತ್ತದೆ. ಸಂಬಳದ ಅಂತರವೂ ಇದೆ. ಬೆಂಗಳೂರಿನ ಖಾಸಗಿ ಕಂಪನಿಗಳು ಇದೇ ಅನುಭವಕ್ಕೆ ಕೊಡುವ ಹಣದ ಮುಂದೆ ಸರ್ಕಾರಿ ವೇತನ ನಿಲ್ಲುವುದಿಲ್ಲ. ತರಬೇತಾದವರು ಹೊರಟುಹೋಗುತ್ತಾರೆ.

ಇನ್ನೊಂದು ಕಷ್ಟ ಈ ಕೆಲಸದ ಸ್ವಭಾವದಲ್ಲೇ ಇದೆ. ಸೇತುವೆ ಕಟ್ಟಿಸಿದವರ ಕೆಲಸ ಎಲ್ಲರಿಗೂ ಕಾಣುತ್ತದೆ. ತಡೆದ ದಾಳಿ ಯಾರಿಗೂ ಕಾಣುವುದಿಲ್ಲ. ಏನೂ ಆಗದಿದ್ದರೆ ‘ಇವರಿಗೇಕೆ ಇಷ್ಟು ಖರ್ಚು’ ಎಂಬ ಪ್ರಶ್ನೆ ಬರುತ್ತದೆ. ಏನಾದರೂ ಆದರೆ ಮೊದಲ ನೋಟಿಸ್ ಅವರಿಗೇ. ಏಮ್ಸ್ ಮೇಲೆ 2023ರ ಜೂನ್‌ನಲ್ಲಿ ಮತ್ತೊಂದು ದಾಳಿಯ ಯತ್ನ ನಡೆದು ವಿಫಲವಾಯಿತು. ಮೊದಲನೆಯದಕ್ಕೆ ಸಿಕ್ಕ ಸುದ್ದಿಯ ಹತ್ತರಲ್ಲೊಂದು ಪಾಲೂ ಇದಕ್ಕೆ ಸಿಗಲಿಲ್ಲ.

ಬೇರೆ ದೇಶಗಳಲ್ಲೂ ಈ ಕುರ್ಚಿ ಮೆತ್ತಗಿಲ್ಲ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ‘ಸಿಸಾ’ದ ಮೊದಲ ನಿರ್ದೇಶಕ ಕ್ರಿಸ್ ಕ್ರೆಬ್ಸ್, 2020ರ ಅಧ್ಯಕ್ಷ ಚುನಾವಣೆಯಲ್ಲಿ ಅಕ್ರಮ ನಡೆದಿದೆ ಎಂಬ ಮಾತನ್ನು ಒಪ್ಪಲಿಲ್ಲ. ಅಧ್ಯಕ್ಷ ಟ್ರಂಪ್ ಟ್ವೀಟ್ ಮೂಲಕವೇ ಕ್ರೆಬ್ಸ್ ಅವರನ್ನು ಕೆಲಸದಿಂದ ತೆಗೆದರು. ಮೇಲಿನವರಿಗೆ ಹಿಡಿಸದ ಸತ್ಯ ಹೇಳುವ ಧೈರ್ಯ ಈ ಕೆಲಸಕ್ಕೆ ಬೇಕಾದ ಅರ್ಹತೆಗಳಲ್ಲಿ ಒಂದು. ಅದನ್ನು ಯಾವ ಪ್ರಮಾಣಪತ್ರವೂ ಕೊಡುವುದಿಲ್ಲ.

‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ನಮ್ಮಲ್ಲಿದೆ. ಆಸ್ಪತ್ರೆ, ಖಜಾನೆ, ಪಹಣಿ, ಪಡಿತರ ಎಲ್ಲವೂ ಕಂಪ್ಯೂಟರಿಗೆ ಹೋಗಿರುವಾಗ ದಿಡ್ಡಿ ಬಾಗಿಲನ್ನು ಬಿಡುವಿದ್ದಾಗ ನೋಡಿಕೊಳ್ಳುವವರ ಕೈಗೆ ಬಿಡಲಾಗದು. ಪ್ರತಿ ದೊಡ್ಡ ಇಲಾಖೆಗೂ ಪೂರ್ಣಾವಧಿಯ ಸಿಸೋ ಬೇಕು, ಕನಿಷ್ಠ ಮೂರು ವರ್ಷದ ಅವಧಿ ಬೇಕು, ನೇರವಾಗಿ ಕಾರ್ಯದರ್ಶಿಗೆ ವರದಿ ಮಾಡುವ ಹಕ್ಕು ಬೇಕು. ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳಿಗೆ ಒಂದು ಮಾತು: ಸಂಬಳದ ಚೀಟಿಯೊಂದನ್ನೇ ನೋಡಿದರೆ ಈ ಕೆಲಸ ಸೋಲುತ್ತದೆ, ಆದರೆ ಕೋಟ್ಯಂತರ ಜನರ ದಾಖಲೆಗೆ ಕಾವಲಿರುವ ಅವಕಾಶ ಬೇರೆ ನೌಕರಿಗಳಲ್ಲಿ ಸುಲಭವಾಗಿ ಸಿಗದು. ‘ಸೈಂಟಿಸ್ಟ್ ಬಿ’ ಹುದ್ದೆಗೆ ಅರ್ಜಿ ಕರೆದಾಗ ಒಮ್ಮೆ ಹಾಕಿ ನೋಡಿ.