ಒಂದೇ ಪಟ್ಟಿಯಲ್ಲಿ ತಾಮ್ರವೂ ಗಾಜೂ

ಕಂಪ್ಯೂಟರ್ ಲ್ಯಾಬ್‌ಗಳ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪ್ಪು ಪೆಟ್ಟಿಗೆ ಇರುತ್ತದೆ. ಅದೇ ರ‍್ಯಾಕ್. ಒಳಗೆ ಮಿಣುಕುವ ದೀಪಗಳಿರುವುದು ಸ್ವಿಚ್. ಅದರ ಪಕ್ಕದಲ್ಲಿ ದೀಪವೇ ಇಲ್ಲದ, ಬರೀ ತೂತುಗಳ ಸಾಲಿನಂತೆ ಕಾಣುವ ಪಟ್ಟಿಯೇ ಪ್ಯಾಚ್ ಪ್ಯಾನೆಲ್. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಕೇಬಲ್ ಕೈಕೊಟ್ಟರೆ, ಹತ್ತು ನಿಮಿಷದಲ್ಲಿ ಸರಿಯಾಗುತ್ತದೋ ಇಡೀ ದಿನ ಹಿಡಿಯುತ್ತದೋ ಎಂಬುದು ಬಹುಮಟ್ಟಿಗೆ ಈ ಪಟ್ಟಿಯ ಮೇಲೆ ನಿಂತಿದೆ.

ಗೋಡೆಯೊಳಗಿನ ಕೇಬಲ್ ಪದೇ ಪದೇ ಬಾಗಿಸಲು ಮಾಡಿದ್ದಲ್ಲ. ಆದ್ದರಿಂದ ಅದರ ತುದಿಯನ್ನು ಪ್ಯಾನೆಲ್ಲಿನ ಹಿಂದೆ ಕಾಯಂ ಆಗಿ ಕೂರಿಸುತ್ತಾರೆ. ಮುಂದಿನಿಂದ ಸ್ವಿಚ್‌ಗೆ ಚಿಕ್ಕ ಪ್ಯಾಚ್ ಕಾರ್ಡ್ ಹೋಗುತ್ತದೆ. ಎಳೆದಾಟ, ಸವೆತ ಎಲ್ಲ ಆ ಕಾರ್ಡಿಗೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಗೋಡೆಯ ಕೇಬಲ್ ಸ್ಥಿರಾಸ್ತಿ, ಪ್ಯಾಚ್ ಕಾರ್ಡ್ ಸ್ಟೇಷನರಿ ಖರ್ಚು.

ಪ್ಯಾನೆಲ್ಲಿನ ಅಗಲ 19 ಇಂಚು, ಅಂದರೆ 482.6 ಮಿ.ಮೀ. ಎತ್ತರವನ್ನು ‘ಯು’ ಎಂಬ ಅಳತೆಯಲ್ಲಿ ಎಣಿಸುತ್ತಾರೆ. 1 ಯು ಎಂದರೆ 1.75 ಇಂಚು. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಆ್ಯಂಡ್ ಟಿ 1922ರ ಸುಮಾರಿಗೆ ಗೊತ್ತುಮಾಡಿದ ಈ ಅಳತೆ ಇಂದಿಗೂ ನಡೆಯುತ್ತಿದೆ. ಯಾವ ಕಂಪನಿಯ ಪ್ಯಾನೆಲ್ ತಂದರೂ ರ‍್ಯಾಕಿಗೆ ಕೂರುವುದು ಇದರಿಂದಲೇ.

ಸಾಮಾನ್ಯವಾಗಿ 1 ಯು ಜಾಗದಲ್ಲಿ ತಾಮ್ರದ ಕೇಬಲ್‌ಗೆ 24 ಪೋರ್ಟ್ ಇರುತ್ತವೆ. ಆದರೆ ತಾಮ್ರದ ಈಥರ್ನೆಟ್‌ಗೆ ಮಿತಿ 100 ಮೀಟರ್: ಗೋಡೆಯಲ್ಲಿ 90, ಎರಡು ಕಡೆಯ ಕಾರ್ಡ್‌ಗಳಿಗೆ 10. ಹಾಸ್ಟೆಲೋ ಹೊಸ ಬ್ಲಾಕೋ ಅದಕ್ಕಿಂತ ದೂರವಿದ್ದರೆ ಫೈಬರ್ ಬೇಕು. ಗಾಜು ವಿದ್ಯುತ್ತನ್ನು ಹರಿಸುವುದಿಲ್ಲ. ಪಕ್ಕದ ಕರೆಂಟ್ ವೈರಿನ ತೊಂದರೆ ಅದಕ್ಕೆ ತಟ್ಟುವುದಿಲ್ಲ. (ನಮ್ಮ ಮನೆಯಲ್ಲಿ ಎಲ್ಲಕ್ಕೂ ‘ತಾರ್’ ಎನ್ನುತ್ತಾರೆ. ಉರ್ದುವಿನಲ್ಲಿ ತಾರ್ ಎಂದರೆ ಲೋಹದ ತಂತಿಯೂ ಹೌದು, ನೂಲಿನ ಎಳೆಯೂ ಹೌದು. ಹಾಗಾಗಿ ಫೈಬರಿಗೂ ಆ ಮಾತು ಸಲ್ಲುತ್ತದೆ!)

ಎರಡು ಫೈಬರ್ ಲೈನಿಗಾಗಿ ಬೇರೆಯೇ ಪ್ಯಾನೆಲ್ ಕೊಂಡರೆ ದುಡ್ಡೂ ದಂಡ, ಜಾಗವೂ ದಂಡ. ಇದಕ್ಕೆ ಉಪಾಯ ಕೀಸ್ಟೋನ್ ಪ್ಯಾನೆಲ್. ಅದು ಒಂದೇ ಅಳತೆಯ ಚೌಕ ಕಿಂಡಿಗಳಿರುವ ಖಾಲಿ ಚೌಕಟ್ಟು. ಒಂದು ಕಿಂಡಿಗೆ ತಾಮ್ರದ ಆರ್‌ಜೆ-45 ಜಾಕ್ ಒತ್ತಿ ಕೂರಿಸಬಹುದು, ಪಕ್ಕದ್ದಕ್ಕೆ ಅದೇ ಆಕಾರದ ಎಲ್‌ಸಿ ಅಥವಾ ಎಸ್‌ಸಿ ಫೈಬರ್ ಕಪ್ಲರ್. ಒಂದು ಜಾಕ್ ಕೆಟ್ಟರೆ ಅದನ್ನಷ್ಟೇ ಬದಲಿಸಿದರಾಯಿತು, ಉಳಿದ 23 ಕಂಪ್ಯೂಟರ್ ನಿಲ್ಲಬೇಕಿಲ್ಲ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಕಿಂಡಿಯ ಬದಲು ಇಡೀ ಕ್ಯಾಸೆಟ್ಟನ್ನೇ ತಳ್ಳಿ ಕೂರಿಸುತ್ತಾರೆ.

ಆದರೆ ಕಿಂಡಿ ಒಂದೇ ಆದ ಮಾತ್ರಕ್ಕೆ ವಿನ್ಯಾಸ ಮುಗಿಯಲಿಲ್ಲ. ನಿಜವಾದ ಕೆಲಸ ಇರುವುದು ಪ್ಯಾನೆಲ್ಲಿನ ಹಿಂದೆ. ಸಾಮಾನ್ಯ ಸಿಂಗಲ್ ಮೋಡ್ ಫೈಬರಿನ ಗಾಜಿನ ದಪ್ಪ 125 ಮೈಕ್ರಾನ್, ಬೆಳಕು ಹರಿಯುವ ನಡುಭಾಗ ಸುಮಾರು 9 ಮೈಕ್ರಾನ್ ಮಾತ್ರ. ಅದನ್ನು 30 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಿದರೆ ಬೆಳಕು ಹೊರಗೆ ಸೋರತೊಡಗುತ್ತದೆ. ಬಾಗಿದರೂ ತಡೆಯುವ ಬೇರೆ ಬಗೆಯ ಫೈಬರ್ ಇದೆ, ಆದರೂ ಹಿಂದೆ ಸುರುಳಿ ಸುತ್ತಲು ಜಾಗ ಬಿಡಲೇಬೇಕು. ತಾಮ್ರದ ದಪ್ಪ ಕಟ್ಟು ಫೈಬರಿನ ಮೇಲೆ ಬೀಳಬಾರದು. ತಾಮ್ರ ಒಂದು ಬದಿಯಿಂದ, ಫೈಬರ್ ಇನ್ನೊಂದು ಬದಿಯಿಂದ ಬರುವಂತೆ ಮಾಡುವುದು ಒಳ್ಳೆಯದು. ತಾಮ್ರದ ಜೋಡಿಗಳ ಹುರಿಯನ್ನು ಜಾಕಿನ ಬಳಿ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಶೀಲ್ಡ್ ಇರುವ ಕೇಬಲ್ ಆದರೆ ಲೋಹದ ಪ್ಯಾನೆಲ್ಲಿಗೆ ಅರ್ತಿಂಗ್ ಕಡ್ಡಾಯ.

ಫೈಬರ್ ಪೋರ್ಟ್ ಖಾಲಿ ಇದ್ದರೆ ಅದರ ಮುಚ್ಚಳ ತೆಗೆಯಬೇಡಿ, ಒಂದು ಧೂಳಿನ ಕಣ ಸಾಕು ಬೆಳಕಿಗೆ ಅಡ್ಡ ಬರಲು. ಕುತೂಹಲಕ್ಕೂ ಅದರೊಳಗೆ ಇಣುಕಬೇಡಿ. ಅಲ್ಲಿ ಹರಿಯುವ ಇನ್ಫ್ರಾರೆಡ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಲ್ಲದು.

ಹಾಗೆಂದು ಎಲ್ಲ ಕಡೆ ಕೀಸ್ಟೋನ್ ಬೇಕೆಂದೇನೂ ಇಲ್ಲ. ಇಪ್ಪತ್ತನಾಲ್ಕೂ ತಾಮ್ರವೇ ಆಗಿ, ಮುಂದೆಯೂ ಬದಲಾಗದಿದ್ದರೆ ಮಾಮೂಲಿ ಪ್ಯಾನೆಲ್ಲೇ ಸಾಕು. ಬೆಳೆಯುವ ಕಾಲೇಜಿಗೆ ಮಾತ್ರ ನನ್ನ ಮತ ಕೀಸ್ಟೋನಿಗೆ: ಇಂದು 16 ಕಿಂಡಿ ತುಂಬಿ, ಉಳಿದ 8ಕ್ಕೆ ಮುಚ್ಚಳ ಹಾಕಿಟ್ಟರೆ ಮುಂದಿನ ವರ್ಷ ಜಾಕ್ ಅಥವಾ ಕಪ್ಲರ್ ಕೊಂಡರೆ ಸಾಕು. ಯಾವ ಪ್ಯಾನೆಲ್ ಆದರೂ ಪ್ರತಿ ಪೋರ್ಟಿಗೂ ನಂಬರ್ ಬರೆದು, ಅದೇ ನಂಬರನ್ನು ಮೇಜಿನ ಕಡೆಯೂ ಅಂಟಿಸಿರಬೇಕು.